49 ಕಿಲೋದ ಜಿಮ್ಮಿ ವೈಲ್ಡ್

2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗುವುದಕ್ಕೆ ಹತ್ತು ದಿನ ಮುಂಚೆ, ನನಗೊಂದು ಅವಸರದ ಅನುವಾದದ ಕೆಲಸ ಬಂತು. ಕ್ರೀಡಾ ಸುದ್ದಿಯ ಆ್ಯಪ್ ಒಂದಕ್ಕೆ ಬೇಕಾದ ಪದಪಟ್ಟಿ. ಈಜು, ಓಟ, ಬಿಲ್ಲುಗಾರಿಕೆ ಎಲ್ಲ ಸಲೀಸಾಗಿ ಮುಗಿಯಿತು. ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್ಲಿನಲ್ಲಿ, ಕೂರಲು ಜಾಗ ಸಿಕ್ಕಿದ ಅಪರೂಪದ ಒಂದು ಮಧ್ಯಾಹ್ನ, ಬಾಕ್ಸಿಂಗ್ ಭಾಗಕ್ಕೆ ಬಂದು ಸಿಕ್ಕಿಬಿದ್ದೆ. ಫ್ಲೈವೇಟ್. ಕನ್ನಡದಲ್ಲಿ ಏನನ್ನೋಣ? ನೊಣತೂಕ? ಹಾಗಾದರೆ ಬ್ಯಾಂಟಮ್‌ವೇಟ್ ಗಿಡ್ಡಕೋಳಿತೂಕ, ಫೆದರ್‌ವೇಟ್ ಗರಿತೂಕ. ಓದಿದವರು ನಗುತ್ತಾರೆ. ನಾನೂ ನಕ್ಕೆ.

ನಕ್ಕ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಬಾಕ್ಸಿಂಗಿನ ತೂಕದ ಹೆಸರುಗಳಲ್ಲಿ ಮೇಲಿನವೆಲ್ಲ ನೇರ: ಮಿಡ್ಲ್ ಅಂದರೆ ನಡುವಿನದು, ಹೆವಿ ಅಂದರೆ ಭಾರದ್ದು. ಕೆಳಗಿಳಿದಂತೆ ಹೋಲಿಕೆ ಶುರುವಾಗುತ್ತದೆ. ಗರಿ, ಕೋಳಿ, ನೊಣ. ದೊಡ್ಡವರನ್ನು ಅಳೆದು ಹೆಸರಿಟ್ಟಿದ್ದಾರೆ, ಚಿಕ್ಕವರನ್ನು ನೋಡಿ ಹೆಸರಿಟ್ಟಿದ್ದಾರೆ. ಬ್ಯಾಂಟಮ್ ಎಂಬುದಂತೂ ಜಾವಾ ದ್ವೀಪದ ಬಾಂಟೆನ್ ಬಂದರಿನ ಹೆಸರು. ಅಲ್ಲಿಂದ ಬಂದವು ಎಂದುಕೊಂಡು ಯುರೋಪಿನವರು ಒಂದು ಜಾತಿಯ ಸಣ್ಣ, ಜಗಳಗಂಟ ಕೋಳಿಗಳಿಗೆ ಆ ಹೆಸರು ಹಚ್ಚಿದರು. ಆಮೇಲೆ ಅದು ಸಣ್ಣ, ಜಗಳಗಂಟ ಮನುಷ್ಯರಿಗೂ ಅಂಟಿತು.

ಆ ನೊಣತೂಕದ ಮೊದಲ ವಿಶ್ವ ಚಾಂಪಿಯನ್ ಯಾರು ಎಂದು ಸುಮ್ಮನೆ ಹುಡುಕಿದೆ. ಜಿಮ್ಮಿ ವೈಲ್ಡ್, ವೇಲ್ಸ್‌ನವನು, ಕಲ್ಲಿದ್ದಲ ಗಣಿಯ ಹುಡುಗ. ಪದಪಟ್ಟಿ ಎರಡು ದಿನದಲ್ಲಿ ಮುಗಿಸಿಕೊಟ್ಟೆ (ಕೊನೆಗೆ 'ಫ್ಲೈವೇಟ್' ಎಂದೇ ಉಳಿಸಿದೆ). ವೈಲ್ಡ್ ಮಾತ್ರ ತಲೆಯಿಂದ ಇಳಿಯಲಿಲ್ಲ. ಅಷ್ಟರಲ್ಲಿ ಆಗಸ್ಟ್ 7ರ ಬೆಳಿಗ್ಗೆ ವಿನೇಶ್ ಫೋಗಟ್ 50 ಕಿಲೋ ಕುಸ್ತಿಯ ಫೈನಲ್‌ಗೆ ಮುಂಚೆ ನೂರು ಗ್ರಾಂ ಹೆಚ್ಚು ತೂಗಿದರು ಎಂಬ ಸುದ್ದಿ ಬಂತು. ಅವತ್ತು ಕಲ್ಯಾಣದಿಂದ ಸಿಎಸ್‌ಟಿವರೆಗೆ ಇಡೀ ಡಬ್ಬಿ ತಕ್ಕಡಿಯ ಬಗ್ಗೆಯೇ ಮಾತಾಡುತ್ತಿತ್ತು. ತೂಕ ಮೀರಿದ್ದಕ್ಕೆ ಆದ ಶಿಕ್ಷೆಯನ್ನು ನಾವೆಲ್ಲ ನೋಡಿದೆವು. ವೈಲ್ಡ್‌ನ ಕತೆ ಇದರ ಇನ್ನೊಂದು ಮಗ್ಗುಲು. ಮಿತಿಗಿಂತ ಕೆಳಗಿದ್ದವನಿಗೆ ಏನಾಗುತ್ತದೆ ಎಂದು ಯಾವ ನಿಯಮವೂ ಕೇಳುವುದಿಲ್ಲ.

ಅವನು ಹುಟ್ಟಿದ್ದು 1892ರ ಮೇ 15ರಂದು, ದಕ್ಷಿಣ ವೇಲ್ಸ್‌ನಲ್ಲಿ, ಮರ್ಥರ್ ಟಿಡ್‌ವಿಲ್ ಪಟ್ಟಣದ ಆಚೀಚೆಯ ಗಣಿ ಹಳ್ಳಿಯೊಂದರಲ್ಲಿ. ಅಪ್ಪ ಗಣಿ ಕೆಲಸಗಾರ. ಹುಡುಗನಿಗೆ ಆರು ವರ್ಷವಿರುವಾಗ ಕುಟುಂಬ ಪಕ್ಕದ ರೊಂದ ಕಣಿವೆಯ ಟೈಲರ್ಸ್‌ಟೌನ್‌ಗೆ ಬಂತು. (ಇಂಗ್ಲಿಷ್ ಕಾಗುಣಿತ ನೋಡಿ ರೊಂಡ್ಡಾ ಎಂದು ಬರೆಯುವವರಿದ್ದಾರೆ. ವೇಲ್ಸ್ ಭಾಷೆಯಲ್ಲಿ ಎರಡು ಡಿ ಜೊತೆಗೆ ಬಂದರೆ ನಮ್ಮ ದಕಾರಕ್ಕೆ ಹತ್ತಿರದ ಸದ್ದು. ಭಾಷಾವಿಜ್ಞಾನ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.)

ಟೈಲರ್ಸ್‌ಟೌನ್ ಹೆಸರು ವೈದ್ಯಶಾಸ್ತ್ರದ ಚರಿತ್ರೆಯಲ್ಲೂ ಇದೆ. 1896ರ ಜನವರಿ 27ರಂದು ಅಲ್ಲಿನ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಶವಗಳನ್ನು ಪರೀಕ್ಷಿಸಲು ಬಂದವರು ಜಾನ್ ಸ್ಕಾಟ್ ಹಾಲ್ಡೇನ್. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಅವರ ತಂದೆ. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಆಮೇಲೆ ಹರಡಿದ ಕಾರ್ಬನ್ ಮೊನಾಕ್ಸೈಡ್ ಎಂದು ಅವರು ಕಂಡುಕೊಂಡರು. ಗಣಿಯೊಳಗೆ ಇಳಿಯುವವರು ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಜೊತೆಗೆ ಒಯ್ಯಬೇಕೆಂದು ಸಲಹೆ ಕೊಟ್ಟರು. ಸಣ್ಣ ದೇಹ ಬೇಗ ಬೇಗ ಉಸಿರಾಡುತ್ತದೆ, ಆದ್ದರಿಂದ ವಿಷ ಅದಕ್ಕೆ ಮೊದಲು ತಟ್ಟುತ್ತದೆ. ಹಕ್ಕಿ ಬಿದ್ದರೆ ಮನುಷ್ಯನಿಗೆ ಓಡಲು ಒಂದಿಷ್ಟು ಸಮಯ ಸಿಗುತ್ತದೆ. ಗಣಿಯ ಕ್ಯಾನರಿ ಎಂದು ನಾವು ಕೇಳುವ ಹಕ್ಕಿ ಬಳಕೆಗೆ ಬಂದದ್ದು ಹೀಗೆ. ವೈಲ್ಡ್ ಕುಟುಂಬ ಬಂದಿಳಿದದ್ದು ಆ ಅಪಘಾತವಾಗಿ ಎರಡು ವರ್ಷ ಕಳೆದಿದ್ದ ಊರಿಗೆ.

ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಜಿಮ್ಮಿಯೂ ಗಣಿಗಿಳಿದ. ಗಣಿಯಲ್ಲಿ ಗಿಡ್ಡ, ತೆಳ್ಳಗಿನ ಹುಡುಗನಿಗೆ ಬೆಲೆಯಿತ್ತು. ದೊಡ್ಡವರು ನುಗ್ಗಲಾರದ ಕಿರಿದಾದ ಕಲ್ಲಿದ್ದಲ ಪದರಗಳೊಳಗೆ ಅವನನ್ನು ತೂರಿಸಬಹುದಿತ್ತು. ಪಕ್ಕಕ್ಕೆ ಮಲಗಿ, ಭುಜ ಅಲ್ಲಾಡಿಸಲೂ ಜಾಗವಿಲ್ಲದ ಕಡೆ ಗುದ್ದಲಿ ಬೀಸಬೇಕು. ಬರೀ ಬೆನ್ನು, ಭುಜ, ಮಣಿಕಟ್ಟಿನ ಬಲದಲ್ಲಿ ಗಂಟೆಗಟ್ಟಲೆ ಹೊಡೆಯಬೇಕು. ಅವನ ಏಟಿನ ಗುಟ್ಟು ಇಲ್ಲಿದೆ ಎಂದು ಆಮೇಲೆ ಎಷ್ಟೋ ಜನ ಬರೆದಿದ್ದಾರೆ. ಇರಬಹುದು. ಆದರೆ ಅದೇ ಪದರಗಳಲ್ಲಿ ಸಾವಿರಾರು ಹುಡುಗರು ಮಲಗಿ ಅಗೆದರು, ಅವರಲ್ಲಿ ವೈಲ್ಡ್ ಆದವನು ಒಬ್ಬನೇ. ಇಂಥ ವಿವರಣೆಗಳನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಬಾಕ್ಸಿಂಗ್ ಕಲಿಸಿದವನು ಡಾಯ್ ಡೇವಿಸ್ ಎಂಬ ಗಣಿ ಕೆಲಸಗಾರ. ಕೈಗವಸಿಲ್ಲದೆ, ಪೊಲೀಸರ ಕಣ್ಣು ತಪ್ಪಿಸಿ ಬೆಟ್ಟದ ಮೇಲೆ ಹೊಡೆದಾಡುತ್ತಿದ್ದ ಹಳೆಯ ಕಾಲದ ಆಳು. ವೈಲ್ಡ್ ಅವನ ಮಗಳು ಎಲಿಜಬೆತ್‌ಳನ್ನು 1910ರಲ್ಲಿ ಮದುವೆಯಾದ. ಇಬ್ಬರೂ ಇನ್ನೂ ಹುಡುಗ ಹುಡುಗಿಯರು. ಮನೆಯ ಚಿಕ್ಕ ಕೋಣೆಯಲ್ಲಿ ಅವನ ಅಭ್ಯಾಸಕ್ಕೆ ಎದುರು ನಿಲ್ಲುತ್ತಿದ್ದವಳೂ ಎಲಿಜಬೆತ್ ಎಂಬ ಕತೆಯುಂಟು. ನಿಜವೋ ಅಲ್ಲವೋ, ಮುಂದಿನ ಕತೆಯಲ್ಲಿ ಅವಳು ಎಲ್ಲೂ ಬರೀ ಹೆಂಡತಿಯಾಗಿ ಮೂಲೆಯಲ್ಲಿ ಕೂತವಳಲ್ಲ.

ಹದಿನಾರು ದಾಟುತ್ತಿದ್ದಂತೆ ವೈಲ್ಡ್ ಜಾಕ್ ಸ್ಕಾರಟ್ ಎಂಬವನ ಡೇರೆ ಸೇರಿದ. ಜಾತ್ರೆಯಿಂದ ಜಾತ್ರೆಗೆ ಹೋಗುವ ಬಾಕ್ಸಿಂಗ್ ಡೇರೆಗಳು ಆಗ ಬ್ರಿಟನ್ನಿನ ತುಂಬ ಇದ್ದವು. ನಮ್ಮ ಜಾತ್ರೆಯಲ್ಲಿ ಸಾವಿನ ಬಾವಿಯ ಮೋಟರ್‌ಸೈಕಲ್ಲಿನವರು ಹೊರಗಿನ ಅಟ್ಟದ ಮೇಲೆ ನಿಂತು ಗಾಡಿ ಗರ್ ಅನ್ನಿಸುತ್ತಾರಲ್ಲ, ಹಾಗೆಯೇ ಡೇರೆಯ ಮುಂದಿನ ಅಟ್ಟದಲ್ಲಿ ಬಾಕ್ಸರುಗಳು ಸಾಲಾಗಿ ನಿಲ್ಲುತ್ತಿದ್ದರು. ಯಜಮಾನ ಕೂಗುತ್ತಿದ್ದ: ಇವರಲ್ಲಿ ಯಾರ ಎದುರಾದರೂ ಮೂರು ಸುತ್ತು ನಿಂತವನಿಗೆ ಇಷ್ಟು ದುಡ್ಡು! ಗುಂಪಿನಲ್ಲಿದ್ದ ಗಟ್ಟಿಮುಟ್ಟು ಗಣಿಯವರ ಕಣ್ಣು ಮೊದಲು ಹೋಗುತ್ತಿದ್ದದ್ದು ಸಾಲಿನ ಕೊನೆಯಲ್ಲಿ ನಿಂತ ಕಡ್ಡಿಯಂಥ ಹುಡುಗನ ಮೇಲೆ. ಐದಡಿ ಎರಡಂಗುಲ ಎತ್ತರ, ಬೆಳ್ಳಗೆ ಬಿಳಿಚಿಕೊಂಡ ಮುಖ, ಬಿದಿರಿನ ಕಾಲು. ಇವನನ್ನು ಹೊಡೆಯುವುದೇನು ಮಹಾ ಎಂದು ಟಿಕೆಟು ಕೊಂಡು ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ನೆಲದ ಮೇಲಿರುತ್ತಿದ್ದರು. ಡೇರೆಯ ಯಜಮಾನನಿಗೆ ಇದಕ್ಕಿಂತ ಒಳ್ಳೆಯ ಗಾಳ ಸಿಕ್ಕುವುದುಂಟೆ? ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೆಡವಿ, ನಡುವೆ ಒಮ್ಮೆ ಚಹಾ ಕುಡಿಯಲು ನಿಲ್ಲಿಸಿದ ಎಂಬ ದಂತಕತೆ ಆ ಕಾಲದ್ದು.

ಡೇರೆಯಲ್ಲಿ ತೂಕ ನೋಡುವವರು ಯಾರೂ ಇರಲಿಲ್ಲ. ಜಮಖಂಡಿ ಕಡೆಯ ನಮ್ಮ ಸೋದರಮಾವ ಹರೆಯದಲ್ಲಿ ಜಾತ್ರೆ ಕುಸ್ತಿ ಆಡಿದವರು. ಫೋನಿನಲ್ಲಿ ಈ ವಿಷಯ ತೆಗೆದಾಗ, "ತಕ್ಕಡಿ ಯಾಕ ಬೇಕೋ? ಹಿರ್ಯಾರು ಇಬ್ರನ್ನೂ ನಿಂದ್ರಿಸಿ ನೋಡ್ತಿದ್ರು, ಜೋಡಿ ಕಟ್ತಿದ್ರು, ಮುಗೀತು" ಅಂದರು. ಮೈಸೂರು ದಸರಾ ಕುಸ್ತಿಗೂ ಮುಂಚೆ ಜೋಡಿ ಕಟ್ಟುವ ಪದ್ಧತಿಯಿದೆ. ಕಣ್ಣಳತೆಯ ಈ ನ್ಯಾಯ ನಡೆಯುವುದು ನೋಡುವವರು ಪ್ರಾಮಾಣಿಕರಾಗಿದ್ದರೆ ಮಾತ್ರ. ಡೇರೆಯಲ್ಲಿ ಜೋಡಿ ಕಟ್ಟುತ್ತಿದ್ದುದೇ ಬೇಕೆಂದು ಸರಿಯಿಲ್ಲದ ಜೋಡಿಯನ್ನು.

ತಕ್ಕಡಿ ಬಂದದ್ದು ಲಂಡನ್ನಿನಿಂದ. ಕಾವೆಂಟ್ ಗಾರ್ಡನ್ನಿನಲ್ಲಿ 1891ರಲ್ಲಿ ಶುರುವಾದ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಶ್ರೀಮಂತರ ಜಾಗ. ಊಟ ಮುಗಿಸಿ, ಕಪ್ಪು ಕೋಟಿನಲ್ಲಿ ಕೂತು ಪಂದ್ಯ ನೋಡುವುದು. ಸುತ್ತು ನಡೆಯುವಾಗ ಚಪ್ಪಾಳೆ ತಟ್ಟಬಾರದು, ಕೂಗಬಾರದು. 1909ರಲ್ಲಿ ಈ ಕ್ಲಬ್ಬು ಎಂಟು ತೂಕಗಳನ್ನು ಗೊತ್ತುಮಾಡಿ, ಪ್ರತಿಯೊಂದಕ್ಕೂ ಮಿತಿ ಹಾಕಿ, ಗೆದ್ದವನಿಗೆ ಲಾನ್ಸ್‌ಡೇಲ್ ಬೆಲ್ಟ್ ಎಂಬ ನಡುಪಟ್ಟಿಯನ್ನು ಕೊಡತೊಡಗಿತು. ಕಟ್ಟಕಡೆಯ ತೂಕ ಫ್ಲೈವೇಟ್: ಎಂಟು ಸ್ಟೋನ್, ಅಂದರೆ 112 ಪೌಂಡ್, ನಮ್ಮ ಲೆಕ್ಕದಲ್ಲಿ 50.8 ಕಿಲೋ. ಚಿಕ್ಕವರಿಗೆ ನ್ಯಾಯ ಸಿಗಲೆಂದೇ ಮಾಡಿದ್ದು. ಆದರೆ ಈ ಮಿತಿ ಮೇಲುಗಡೆಯದು. 112ಕ್ಕಿಂತ ಹೆಚ್ಚಿರಬಾರದು ಅಷ್ಟೆ. ಎಷ್ಟು ಕಡಿಮೆಯಾದರೂ ಸರಿ. ವೈಲ್ಡ್ ಊಟ ಮಾಡಿ, ಬಟ್ಟೆ ಹಾಕಿಕೊಂಡು ನಿಂತರೂ ಮುಳ್ಳು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಅವನ ತೂಕ 108 ಪೌಂಡ್ ದಾಟಿದ್ದೇ ಅಪರೂಪ. 49 ಕಿಲೋ. ಹಲವು ಸಲ ಅದಕ್ಕೂ ಕಡಿಮೆ. ಉಳಿದವರು ಬೆವರಿಳಿಸಿ, ಉಪವಾಸ ಮಾಡಿ ಮೇಲಿನಿಂದ ಫ್ಲೈವೇಟಿಗೆ ಇಳಿದು ಬರುತ್ತಿದ್ದರು. ಇವನಿಗೆ ಇಳಿಯಲು ಕೆಳಗೆ ಮೆಟ್ಟಿಲೇ ಇರಲಿಲ್ಲ.

ಮ್ಯಾನೇಜರ್ ಟೆಡ್ಡಿ ಲೂಯಿಸ್ ಅವನನ್ನು ಲಂಡನ್ನಿಗೆ ಕರೆದೊಯ್ದಾಗ ಅಲ್ಲಿನ ಆಯೋಜಕರು ಈ ಮಗುವನ್ನು ರಿಂಗಿಗೆ ಬಿಟ್ಟರೆ ಕೊಲೆ ಕೇಸಾಗುತ್ತದೆ ಎಂದು ಹಿಂಜರಿದರಂತೆ. ಕರುಣೆ ತೋರಿದಂತೆ ಕಂಡರೂ ಅದು ಅವನ ಅನ್ನಕ್ಕೆ ಕಲ್ಲು. ರೊಂದ ಕಣಿವೆಯಲ್ಲಿ ಅಪಾಯಕ್ಕೆ ಬೇರೆಯದೇ ಅಳತೆಯಿತ್ತು. 1913ರ ಅಕ್ಟೋಬರ್ 14ರಂದು ಹತ್ತಿರದ ಸೆಂಗೆನಿದ್ ಗಣಿಯಲ್ಲಿ ಒಂದೇ ಬೆಳಿಗ್ಗೆ 439 ಕಾರ್ಮಿಕರು ಸತ್ತರು. ಬಾಕ್ಸಿಂಗ್ ಕ್ರೂರ ಎಂದು ಬೋಧಿಸುತ್ತಿದ್ದ ಪಾದ್ರಿಗಳು ಆ ಕಣಿವೆಗಳಲ್ಲಿ ಬಹಳ ಇದ್ದರು. ಆದರೂ ಅದೇ ಕಾಲದ ಅದೇ ಸೀಮೆಯಿಂದ ಫೆದರ್‌ವೇಟಿನ ಜಿಮ್ ಡ್ರಿಸ್ಕಾಲ್, 1914ರಲ್ಲಿ ಲೈಟ್‌ವೇಟ್ ವಿಶ್ವ ಚಾಂಪಿಯನ್ ಆದ ಫ್ರೆಡ್ಡಿ ವೆಲ್ಶ್, ಇವನು, ಮೂವರೂ ಬಂದರು.

ರಿಂಗಿನಲ್ಲಿ ಅವನನ್ನು ನೋಡಿದವರಿಗೆ ಮೊದಲು ವಿಚಿತ್ರವೆನಿಸುತ್ತಿದ್ದದ್ದು ಅವನ ಕೈ. ಶಾಸ್ತ್ರದ ಪ್ರಕಾರ ಗದ್ದದ ಮುಂದಿರಬೇಕಾದ ಕೈಗಳು ಸೊಂಟದ ಹತ್ತಿರ ಜೋತಾಡುತ್ತಿದ್ದವು. ಮುಖ ಮುಂದೆ, ಬಾ ಹೊಡಿ ಅನ್ನುವಂತೆ. ಎದುರಾಳಿ ನುಗ್ಗಿ ಬೀಸುವಷ್ಟರಲ್ಲಿ ತಲೆ ಅಲ್ಲಿರುತ್ತಿರಲಿಲ್ಲ; ಮುನ್ನುಗ್ಗಿದ ದೇಹ ತನ್ನ ಭಾರದಲ್ಲೇ ವಾಲುವ ಆ ಗಳಿಗೆಯಲ್ಲಿ ಕೆಳಗಿನಿಂದ ಏಟು ಬೀಳುತ್ತಿತ್ತು. 49 ಕಿಲೋದವನು 55 ಕಿಲೋದವನನ್ನು ಮಲಗಿಸಲು ಬೇರೆ ದಾರಿಯಿಲ್ಲ. ಎದುರಾಳಿಯ ತೂಕವನ್ನೇ ಸಾಲ ತೆಗೆದುಕೊಳ್ಳಬೇಕು. ಕೈಯಲ್ಲಿ ಸುತ್ತಿಗೆ ಹಿಡಿದ ದೆವ್ವ ಎಂಬ ಅಡ್ಡಹೆಸರು ಅವನಿಗೆ ಬಂದದ್ದು ಇದರಿಂದ. 2003ರಲ್ಲಿ ಅಮೆರಿಕದ 'ದಿ ರಿಂಗ್' ಪತ್ರಿಕೆ ಸಾರ್ವಕಾಲಿಕವಾಗಿ ಅತಿ ಬಲವಾದ ಏಟಿನ ನೂರು ಬಾಕ್ಸರುಗಳನ್ನು ಪಟ್ಟಿ ಮಾಡಿದಾಗ ಜೋ ಲೂಯಿಸ್ ಮೊದಲು, ಸ್ಯಾಮ್ ಲ್ಯಾಂಗ್‌ಫರ್ಡ್ ಎರಡನೆಯವನು, ವೈಲ್ಡ್ ಮೂರನೆಯವನು. ಮೊದಲಿಬ್ಬರೂ ಅವನಿಗಿಂತ ಎಷ್ಟೋ ಭಾರದವರು.

ನೂರರ ಹತ್ತಿರ ಪಂದ್ಯಗಳಲ್ಲಿ ಸೋಲದೆ ಬಂದವನು ಮೊದಲು ಸೋತದ್ದು 1915ರ ಜನವರಿ 25ರಂದು, ಸ್ಕಾಟ್ಲೆಂಡಿನ ಟ್ಯಾನ್ಸಿ ಲೀ ಎದುರು. ಜ್ವರದಿಂದ ಎದ್ದು ಬಂದಿದ್ದ ಎನ್ನುತ್ತಾರೆ. 17ನೇ ಸುತ್ತಿನಲ್ಲಿ ಅವನ ಕಡೆಯವರು ಪಂದ್ಯ ನಿಲ್ಲಿಸಿದರು. ಮುಂದಿನ ವರ್ಷ ಲೆಕ್ಕವೆಲ್ಲ ತೀರಿತು. 1916ರ ಫೆಬ್ರುವರಿಯಲ್ಲಿ ಜೋ ಸೈಮಂಡ್ಸ್‌ನನ್ನು ಸೋಲಿಸಿ ಬ್ರಿಟಿಷ್ ಪಟ್ಟ, ಜೂನ್‌ನಲ್ಲಿ ಟ್ಯಾನ್ಸಿ ಲೀಗೆ 11ನೇ ಸುತ್ತಿನಲ್ಲಿ ಉತ್ತರ. ಡಿಸೆಂಬರ್ 18ರಂದು ಲಂಡನ್ನಿನ ಹೋಬರ್ನ್‌ನಲ್ಲಿ ಅಮೆರಿಕದ 'ಯಂಗ್ ಜುಲು ಕಿಡ್' ಎದುರು, ಅದೂ 11ನೇ ಸುತ್ತಿನಲ್ಲಿ. ಹೆಸರಿಗೆ ಮರುಳಾಗಬೇಡಿ, ಆತ ಇಟಲಿಯಲ್ಲಿ ಹುಟ್ಟಿ ಬ್ರೂಕ್ಲಿನ್ನಿನಲ್ಲಿ ಬೆಳೆದವನು. ಅಲ್ಲಿಗೆ ವೈಲ್ಡ್ ಮೊದಲ ಫ್ಲೈವೇಟ್ ವಿಶ್ವ ಚಾಂಪಿಯನ್. 1917ರ ಮಾರ್ಚ್‌ನಲ್ಲಿ ಜಾರ್ಜ್ ಕ್ಲಾರ್ಕ್‌ನನ್ನೂ ಗೆದ್ದು ಬೆಲ್ಟನ್ನು ಶಾಶ್ವತವಾಗಿ ಮನೆಗೊಯ್ದ.

ಆಮೇಲೆ ಅವನ ತೂಕದಲ್ಲಿ ಎದುರಾಳಿಗಳೇ ಉಳಿಯಲಿಲ್ಲ. ದುಡಿಯಬೇಕೆಂದರೆ ಮೇಲೆ ಹೋಗಬೇಕು: ಬ್ಯಾಂಟಮ್, ಫೆದರ್.

ಅದು ಮೊದಲ ಮಹಾಯುದ್ಧದ ಕಾಲ. ಯುದ್ಧ ಶುರುವಾದಾಗ ಬ್ರಿಟಿಷ್ ಸೇನೆಗೆ ಸೇರಲು ಐದಡಿ ಮೂರಂಗುಲವಾದರೂ ಇರಬೇಕಿತ್ತು. ತಿರಸ್ಕೃತರಾದ ಗಿಡ್ಡ ಗಣಿಗಾರರು ಗಲಾಟೆ ಮಾಡಿದ ಮೇಲೆ 1914ರಲ್ಲಿ ಬರ್ಕನ್‌ಹೆಡ್‌ನಲ್ಲಿ ಅವರಿಗೆಂದೇ ಪಡೆ ಕಟ್ಟಿದರು. ಅದರ ಹೆಸರೂ ಬ್ಯಾಂಟಮ್ ಬೆಟಾಲಿಯನ್. ಮತ್ತೆ ಅದೇ ಕೋಳಿ. ವೈಲ್ಡ್ ಅದಕ್ಕೆ ಸೇರಲಿಲ್ಲ, ಆಲ್ಡರ್‌ಶಾಟ್‌ನಲ್ಲಿ ಸೈನಿಕರಿಗೆ ದೇಹಶಿಕ್ಷಣ ಕಲಿಸುವ ಸಾರ್ಜೆಂಟ್ ಆದ. 1918ರ ಆಗಸ್ಟ್ 31ರಂದು, ಇವತ್ತು ಚೆಲ್ಸಿ ಫುಟ್‌ಬಾಲ್ ತಂಡ ಆಡುವ ಸ್ಟಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ, ಜೋ ಕಾನ್ ಎಂಬ ಫೆದರ್‌ವೇಟ್ ಬಾಕ್ಸರನನ್ನು 12ನೇ ಸುತ್ತಿನಲ್ಲಿ ಮುಗಿಸಿದ. ಎರಡು ತೂಕ ಮೇಲಿನವನು. ಸೇನೆಯಲ್ಲಿರುವವನು ಪಂದ್ಯಕ್ಕೆ ಹಣ ಮುಟ್ಟುವಂತಿರಲಿಲ್ಲ. ಅದಕ್ಕೆ ಎಲಿಜಬೆತ್ ಕೈಗೆ ಒಂದು ಚೀಲ ವಜ್ರ ಬಂತು. ಮೂರು ಸಾವಿರ ಪೌಂಡ್ ಬೆಲೆಯದು ಎನ್ನುತ್ತಾರೆ. ನಿಯಮಕ್ಕೆ ಸುತ್ತು ಹಾಕುವ ಜಾಣತನ ನಮ್ಮವರದಷ್ಟೇ ಅಲ್ಲ.

1919ರ ಕೊನೆಯಿಂದ ಕೆಲವು ತಿಂಗಳು ಅಮೆರಿಕ ಸುತ್ತಿದ. ಆಗ ಅಲ್ಲಿನ ಹಲವು ರಾಜ್ಯಗಳಲ್ಲಿ ಬಾಕ್ಸಿಂಗಿನಲ್ಲಿ ಗೆದ್ದವರಾರೆಂದು ಘೋಷಿಸುವುದೇ ಕಾನೂನಿಗೆ ವಿರುದ್ಧ. ನಾಕೌಟ್ ಆಗದಿದ್ದರೆ ಮರುದಿನದ ಪತ್ರಿಕೆಯಲ್ಲಿ ವರದಿಗಾರ ಬರೆದದ್ದೇ ತೀರ್ಪು. ಆದ್ದರಿಂದಲೇ ವೈಲ್ಡ್ ಒಟ್ಟು ಎಷ್ಟು ಸೋತ ಎಂದರೆ ಮೂರು, ನಾಲ್ಕು, ಐದು, ಯಾವ ಪುಸ್ತಕ ತೆರೆಯುತ್ತೀರೋ ಅದರ ಮೇಲೆ. ಗೆದ್ದದ್ದು 130ಕ್ಕೂ ಹೆಚ್ಚು ಎಂಬುದರಲ್ಲಿ ತಕರಾರಿಲ್ಲ. ಡೇರೆಯ ಪಂದ್ಯಗಳನ್ನು ಯಾರೂ ಬರೆದಿಡಲಿಲ್ಲ.

ನಾನು ಚಿಕ್ಕವನಿದ್ದಾಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ದೀಪ ಮಿನುಗುವ ತೂಕದ ಯಂತ್ರವಿರುತ್ತಿತ್ತು. ರೂಪಾಯಿ ಹಾಕಿದರೆ ಒಂದು ದಪ್ಪ ಚೀಟಿ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. 1921ರ ಜನವರಿ 13ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದದ್ದನ್ನು ಓದುವಾಗ ನನಗೆ ಆ ಚೀಟಿ ನೆನಪಾಯಿತು.

ಎದುರಾಳಿ ನ್ಯೂ ಆರ್ಲಿಯನ್ಸ್‌ನ ಪೀಟ್ ಹರ್ಮನ್. ಬ್ಯಾಂಟಮ್‌ವೇಟ್ ವಿಶ್ವ ಚಾಂಪಿಯನ್ ಎಂದೇ ಅವನನ್ನು ಒಪ್ಪಂದ ಮಾಡಿ ಕರೆಸಿದ್ದು. ಹಡಗು ಹತ್ತುವ ಮುಂಚೆ, ಡಿಸೆಂಬರ್ 22ರಂದು, ಆತ ತನ್ನ ಪಟ್ಟವನ್ನು ನ್ಯೂಯಾರ್ಕಿನಲ್ಲಿ ಜೋ ಲಿಂಚ್‌ಗೆ ಸೋತ. ಅದೇ ವರ್ಷದ ಜುಲೈನಲ್ಲಿ ಲಿಂಚ್‌ನಿಂದಲೇ ಮರಳಿ ಪಡೆದ. ಪಟ್ಟವನ್ನು ಸಮುದ್ರ ದಾಟಿಸದೆ ಊರಲ್ಲೇ ಭದ್ರವಾಗಿ ಬಿಟ್ಟುಬಂದಿದ್ದ ಎಂಬ ಗುಮಾನಿ ಅವತ್ತಿನಿಂದ ಇವತ್ತಿನವರೆಗೂ ಇದೆ. ಪಂದ್ಯದ ದಿನ ಜಗಳ ಬಂದದ್ದು ತೂಕದ ಮೇಲೆ. ಹರ್ಮನ್ ಮುಂಚೆಯೇ ತೂಗಿಸಿಕೊಂಡು ಊಟ ಮುಗಿಸಿದ್ದ; ಇನ್ನೊಮ್ಮೆ ತಕ್ಕಡಿ ಹತ್ತುವುದಿಲ್ಲ ಎಂದ. ವೈಲ್ಡ್ ಹಾಗಾದರೆ ನಾನು ಆಡುವುದಿಲ್ಲ ಎಂದ. ಸಭಾಂಗಣ ತುಂಬಿತ್ತು. ಮುಂದಿನ ರಾಜನಾಗಬೇಕಿದ್ದ ಪ್ರಿನ್ಸ್ ಆಫ್ ವೇಲ್ಸ್ ಬಂದು ಕೂತಿದ್ದ. ರಾಜಕುಮಾರ ಕಾಯುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು. ವೈಲ್ಡ್ ಎದ್ದು ಕೈಗವಸು ಕಟ್ಟಿಸಿಕೊಂಡ.

ಕಡಿಮೆಯೆಂದರೂ ಐದಾರು ಕಿಲೋ ಅಂತರ. 49 ಕಿಲೋದವನಿಗೆ ಆರು ಕಿಲೋ ಎಂದರೆ ಅವನ ದೇಹದ ಎಂಟನೇ ಒಂದು ಭಾಗ. ಎದುರಿಗಿದ್ದವನೂ ಸಾಮಾನ್ಯನಲ್ಲ. ಹರ್ಮನ್‌ನ ಕಣ್ಣು ಆಗಲೇ ಮಂಜಾಗುತ್ತಿತ್ತು, ಮುಂದೆ ಪೂರಾ ಕುರುಡನಾದ; ಅದಕ್ಕೇ ಮೈಗೆ ಮೈ ತಾಗಿಸಿ, ಹತ್ತಿರದಿಂದಲೇ ಹೊಡೆಯುವುದನ್ನು ರೂಢಿಸಿಕೊಂಡಿದ್ದ. ವೈಲ್ಡ್‌ನ ವಿದ್ಯೆಗೆ ದೂರ ಬೇಕು, ಹರ್ಮನ್ ದೂರವನ್ನೇ ಕೊಡಲಿಲ್ಲ. ಆದರೂ 16 ಸುತ್ತು ನಡೆಯಿತು. 17ನೇ ಸುತ್ತಿನಲ್ಲಿ ವೈಲ್ಡ್ ಮತ್ತೆ ಮತ್ತೆ ಹಗ್ಗಗಳ ಆಚೆಗೆ ಬಿದ್ದ, ಪ್ರತಿಸಲವೂ ಎದ್ದು ಒಳಗೆ ಬಂದ. ಕೊನೆಗೆ ರೆಫರಿ ಜಾಕ್ ಸ್ಮಿತ್ ಅವನನ್ನು ಮಗುವಿನಂತೆ ಎತ್ತಿ ಮೂಲೆಗೆ ಒಯ್ದ. ನಿನಗೆ ಬಿದ್ದುಕೊಂಡಿರಲು ಬರುವುದಿಲ್ಲ, ಅದಕ್ಕೆ ಎತ್ತಿಕೊಂಡು ಹೋಗುತ್ತಿದ್ದೇನೆ ಎಂದು ಹೇಳಿದ ಎಂಬುದು ಬಾಕ್ಸಿಂಗ್ ಲೋಕದಲ್ಲಿ ಎಲ್ಲರಿಗೂ ಬಾಯಿಪಾಠ. ಈ ಮಾತನ್ನು ಹೊಗಳಿಕೆ ಎಂದೇ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ. ನನಗೆ ಮಾತ್ರ ಆ ದಿನ ಮಧ್ಯಾಹ್ನ ಅವನು ಆಡುವುದಿಲ್ಲ ಎಂದದ್ದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಇಡೀ ವೃತ್ತಿಯಲ್ಲಿ ಒಮ್ಮೆ ತಕ್ಕಡಿಯ ಪರವಾಗಿ ನಿಂತ, ಅದೂ ನಡೆಯಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಿಲ್ಲಿಸಿದ್ದ ಕೂಡ. ಎರಡೂವರೆ ವರ್ಷ ಹತ್ತಿರ ಹತ್ತಿರ ರಿಂಗಿನ ಕಡೆ ಹೋಗಲಿಲ್ಲ. ಆದರೆ ಫ್ಲೈವೇಟ್ ಪಟ್ಟ ಇನ್ನೂ ಅವನ ಹೆಸರಲ್ಲೇ ಇತ್ತು, ಅಮೆರಿಕದಿಂದ ಕರೆ ಬಂತು. ಹದಿಮೂರು ಸಾವಿರ ಪೌಂಡ್ ಸಂಭಾವನೆ. 1923ರ ಜೂನ್ 18, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಎದುರಾಳಿ ಫಿಲಿಪ್ಪೀನ್ಸ್‌ನ ಪಾಂಚೋ ವಿಲಾ, ನಿಜ ಹೆಸರು ಫ್ರಾನ್ಸಿಸ್ಕೊ ಗಿಯೆದೊ, ನೆಗ್ರೋಸ್ ದ್ವೀಪದ ಬಡ ಹುಡುಗ, ವಯಸ್ಸು 21. ವೈಲ್ಡ್‌ಗೆ 31. ಈ ಸಲ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇದ್ದದ್ದು ಹತ್ತು ವರ್ಷದ ಅಂತರ. ಅದನ್ನು ತೂಗುವ ಯಂತ್ರವಿಲ್ಲ. ಎರಡನೇ ಸುತ್ತಿನ ಗಂಟೆ ಹೊಡೆದಾಗ ವೈಲ್ಡ್ ಕೈ ಇಳಿಸಿದ, ವಿಲಾನ ಏಟು ಗಂಟೆಯ ನಂತರ ಬಂತು. ಅಲ್ಲಿಂದ ಮುಂದೆ ಅವನು ನಿದ್ದೆಯಲ್ಲಿ ಆಡಿದಂತೆ ಆಡಿದ. ಏಳನೇ ಸುತ್ತಿನಲ್ಲಿ ಬೋರಲು ಬಿದ್ದವನು ಏಳಲಿಲ್ಲ. ಎಷ್ಟೋ ದಿನಗಳವರೆಗೆ ಅವನಿಗೆ ಆ ಪಂದ್ಯ ನಡೆದದ್ದೇ ನೆನಪಿರಲಿಲ್ಲ ಎನ್ನುತ್ತಾರೆ. ಇನ್ನೆಂದೂ ಆಡಲಿಲ್ಲ.

ವಿಲಾನ ಕತೆಯೂ ಉದ್ದವಿಲ್ಲ. ಎರಡು ವರ್ಷದ ನಂತರ ಹಲ್ಲು ಕೀಳಿಸಿಕೊಂಡು, ಊದಿದ ಮುಖದಲ್ಲೇ ಜಿಮ್ಮಿ ಮೆಕ್‌ಲಾರ್ನಿನ್ ಎದುರು ಆಡಿದ. ಸೋಂಕು ಗಂಟಲಿಗಿಳಿದು 1925ರ ಜುಲೈ 14ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸತ್ತ. ಚಾಂಪಿಯನ್ ಆಗಿಯೇ ಸತ್ತ, ಇನ್ನೂ 24 ತುಂಬಿರಲಿಲ್ಲ. ಆದರೆ ಅವನು ಗೆದ್ದ ಆ ರಾತ್ರಿಯಿಂದ ಸಣ್ಣ ತೂಕಗಳ ಬಾಕ್ಸಿಂಗಿಗೆ ಏಷ್ಯಾದ ದಾರಿ ತೆರೆಯಿತು. ಇವತ್ತು ಆ ತೂಕಗಳ ಚಾಂಪಿಯನ್ನರನ್ನು ಹುಡುಕುವವರು ವೇಲ್ಸ್‌ಗಿಂತ ಮೊದಲು ಜಪಾನ್, ಫಿಲಿಪ್ಪೀನ್ಸ್, ಥಾಯ್ಲೆಂಡ್, ಮೆಕ್ಸಿಕೊಗಳನ್ನು ನೋಡುತ್ತಾರೆ.

ವೈಲ್ಡ್ ದುಡಿದ ದುಡ್ಡು ಸಿನಿಮಾ ಮಂದಿರ ಮುಂತಾದ ವ್ಯಾಪಾರಗಳಲ್ಲಿ ಕರಗಿತು. 'ನ್ಯೂಸ್ ಆಫ್ ದ ವರ್ಲ್ಡ್' ಪತ್ರಿಕೆಗೆ ಬಾಕ್ಸಿಂಗ್ ಅಂಕಣ ಬರೆದ, 1938ರಲ್ಲಿ ಆತ್ಮಕತೆ ಹೊರಬಂತು, ಕಾರ್ಡಿಫ್ ಹತ್ತಿರದ ಬ್ಯಾರಿ ಎಂಬ ಬಂದರು ಊರಿನಲ್ಲಿ ಎಲಿಜಬೆತ್ ಜೊತೆ ನೆಲೆಸಿದ. 1965ರಲ್ಲಿ, 70 ದಾಟಿದವನ ಮೇಲೆ ಕಾರ್ಡಿಫ್‌ನ ರೈಲ್ವೆ ಸ್ಟೇಷನ್ನಿನಲ್ಲಿ ಕಳ್ಳರು ಕೈಮಾಡಿದರು. ಆ ಏಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. 1967ರಲ್ಲಿ ಎಲಿಜಬೆತ್ ತೀರಿಕೊಂಡಾಗ ಅವನು ಆಸ್ಪತ್ರೆಯಲ್ಲಿದ್ದ. ಅವಳು ಹೋದದ್ದು ಅವನ ಅರಿವಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. 1969ರ ಮಾರ್ಚ್ 10ರಂದು ಅವನೂ ಹೋದ.

ಅವನು ಸಾಯುವುದಕ್ಕೆ ಐದು ತಿಂಗಳು ಮುಂಚೆ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಫ್ಲೈವೇಟಿನ ಕೆಳಗೊಂದು ಮೆಟ್ಟಿಲು ಬಂತು: ಲೈಟ್ ಫ್ಲೈವೇಟ್, 48 ಕಿಲೋ. ವೃತ್ತಿಪರ ಬಾಕ್ಸಿಂಗಿನಲ್ಲಿ ಅದು 1975ರಲ್ಲಿ ಬಂತು, ಮಿತಿ 108 ಪೌಂಡ್. ವೈಲ್ಡ್‌ಗೆ ಅಳತೆ ತೆಗೆದು ಹೊಲಿದ ಹಾಗೆ.

ಆ ಮೆಟ್ಟಿಲೂ ಕೆಲವು ಕಡೆ ಉಳಿಯಲಿಲ್ಲ. ಮಹಿಳೆಯರ ಬಾಕ್ಸಿಂಗ್ 2012ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಬಂದಾಗ ಎಲ್ಲಕ್ಕಿಂತ ಕೆಳಗಿನ ತೂಕ 51 ಕಿಲೋ. ಮೇರಿ ಕೋಮ್ ಆವರೆಗಿನ ತಮ್ಮ ಐದೂ ವಿಶ್ವ ಪದಕ ಚಿನ್ನಗಳನ್ನು ಗೆದ್ದದ್ದು 48 ಕಿಲೋ ಅಥವಾ ಅದಕ್ಕಿಂತ ಕೆಳಗೆ. ಒಲಿಂಪಿಕ್ಸ್‌ಗೆಂದು ತೂಕ ಏರಿಸಿಕೊಂಡು ಹೋದರು. ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್ ಎದುರು 6-11ರಲ್ಲಿ ಸೋತು ಕಂಚು ತಂದರು. ಪುರುಷರ ವಿಭಾಗದಲ್ಲಿ 49 ಕಿಲೋ 2016ರ ರಿಯೋವರೆಗೆ ಇತ್ತು. ಹರಿಯಾಣದ ಅಮಿತ್ ಪಂಘಲ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಆ ತೂಕದ ಫೈನಲ್‌ನಲ್ಲಿ ರಿಯೋ ಚಾಂಪಿಯನ್ ಉಜ್ಬೇಕಿಸ್ತಾನದ ಹಸನ್‌ಬಾಯ್ ದುಸ್ಮತೋವ್ ಅವರನ್ನೇ ಸೋಲಿಸಿ ಚಿನ್ನ ಗೆದ್ದರು. ಟೋಕಿಯೋ ಒಲಿಂಪಿಕ್ಸ್ ಪಟ್ಟಿ ಬಂದಾಗ 49 ಕಿಲೋ ಅದರಲ್ಲಿರಲಿಲ್ಲ. ಪಂಘಲ್ 52ಕ್ಕೆ ಏರಿದರು, ಟೋಕಿಯೋದಲ್ಲಿ ಮೊದಲ ಪಂದ್ಯದಲ್ಲೇ ಸೋತರು. ಪ್ಯಾರಿಸ್‌ನಲ್ಲಿ 51 ಕಿಲೋ.

ನನ್ನ ಪದಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಫ್ಲೈವೇಟ್' ಎಂದು ನಾನೇ ಟೈಪು ಮಾಡಿದ್ದೆ. ಜುಲೈ 30ರ ಸಂಜೆ ಜಾಂಬಿಯಾದ ಪ್ಯಾಟ್ರಿಕ್ ಚಿನ್ಯೆಂಬಾ ಎದುರು ಅವರು ಸೋತ ಸುದ್ದಿ ಅದೇ ಆ್ಯಪಿನಲ್ಲಿ ಕನ್ನಡದಲ್ಲಿ ಬಂತು.